ಒದ್ದೆ ಬಟ್ಟೆಯ ಮೇಲೆ ಹತ್ತು ಬೀಜ

...ಅದೇ ಹೇಳ್ತಿದ್ದೆ. ಯೋಚನೆ ಬಂದ್ರೆ ಸಾಕು, ಅಮ್ಮ ತುಟಿ ಮಧ್ಯೆ ಏನಾದ್ರೂ ಒಂದು ಕಚ್ಚಿ ಹಿಡ್ಕೋತಾಳೆ. ನೀವೂ ಗಮನಿಸಿರ್ತೀರಿ. ಹೊಲಿಗೆ ಮೆಷಿನ್ ಮುಂದೆ ಕೂತ್ರೆ ಗುಂಡುಸೂಜಿ. ಹಿತ್ತಲಿಗೆ ಬಂದ್ರೆ ಹುಲ್ಲುಕಡ್ಡಿ, ಬೀಜ, ಸೀಮೆಸುಣ್ಣದ ತುಂಡು, ಕೈಗೆ ಏನು ಸಿಕ್ತೋ ಅದು. ಅದು ಬಾಯಲ್ಲಿರುವಷ್ಟು ಹೊತ್ತೂ ಮಾತಿಲ್ಲ ಕಥೆಯಿಲ್ಲ. ತೆಗೆದಳು ಅಂದ್ರೆ ತೀರ್ಮಾನ ಆಯ್ತು ಅಂತ ತಿಳ್ಕೋಬೇಕು. ಈಗ ನಾಲ್ಕು ದಿನ ಆಯ್ತು, ಬಾಯಲ್ಲಿ ಅದೇ ಗುಂಡುಸೂಜಿ. ಬೆಳಿಗ್ಗೆ ಗಾಡಿ ಹತ್ತುವಾಗಲೂ ಇತ್ತು. "ಡಾಕ್ಟರ್ ಮುಂದೆ ಆದ್ರೂ ತೆಗಿಯಮ್ಮಾ, ಮೊಣಕಾಲು ತೋರಿಸೋಕೆ ಹೋಗಿ ಗಂಟಲು ಆಪರೇಷನ್ ಮಾಡಿಸ್ಕೊಂಡು ಬಂದೀಯ" ಅಂದ ಅಣ್ಣ. ಅವಳು ನಗಲಿಲ್ಲ.

ನೀವೂ ನಗಲಿಲ್ಲ.

ಇವತ್ತು ಲ್ಯಾಬಿಗೆ ಹೋಗಲ್ವಾ ಅತ್ತಿಗೆ? ರಜೆ ಹಾಕಿದ್ರಾ? ಗುರುವಾರ ಅಂದ್ರೆ ನನಗೆ ರಜೆ, ನಮ್ಮ ಕನ್ನಡಕದ ಅಂಗಡಿ ತೆಗೆಯಲ್ಲ, ಅದಕ್ಕೆ ನಾನು ಶೆಡ್ಡಲ್ಲಿ ಕೂತಿದ್ದೀನಿ. ನೀವು ಯಾಕೆ... ಇರಲಿ, ಇರಲಿ. ಬಾಗಿಲು ಸ್ವಲ್ಪ ಮುಂದೆ ಮಾಡಿ, ಗಾಳಿ ಕೊರೀತಿದೆ. ಆ ಸ್ಟೂಲ್ ಬೇಡ, ಅದಕ್ಕೆ ಒಂದು ಕಾಲು ಗಿಡ್ಡ. ಈ ಕಡೆ ಬನ್ನಿ. ನಾನು ಈ ಸಲಿಕೆ ಒಂದು ಉಜ್ಜಿ ಮುಗಿಸ್ತೀನಿ.

ಚಳಿಗಾಲದಲ್ಲಿ ತೋಟದಲ್ಲಿ ಏನು ಕೆಲಸ ಇರುತ್ತೆ ಅಂತಾರಲ್ಲ ಜನ, ಅಂಥವರನ್ನ ಹಿಡಿದು ಇಲ್ಲಿ ಒಂದು ದಿನ ಕೂರಿಸಬೇಕು. ಸಲಿಕೆ, ಕುರ್ಪಿ, ಗುದ್ದಲಿ ಎಲ್ಲದರ ತುಕ್ಕು ಉಜ್ಜಿ ಎಣ್ಣೆ ಹಚ್ಚಬೇಕು. ಕುಂಡ ತೊಳೀಬೇಕು. ಹೋದ ವರ್ಷ ಟೊಮೆಟೊಗೆ ರೋಗ ಬಂತಲ್ಲ, ಕುಂಡ ತೊಳೀದೇ ಮಣ್ಣು ತುಂಬಿದ್ದಕ್ಕೇ ಅದು. ಖಾಲಿ ಪಾತಿಗಳ ಮೇಲೆ ಒಣ ಎಲೆ ಹಾಸಬೇಕು, ಗೊಬ್ಬರದ ಗುಡ್ಡೆ ಮಗುಚಬೇಕು. ಹನ್ನೊಂದು ವರ್ಷದಿಂದ ಯಾರು ಮಾಡ್ತಿದ್ದಾರೆ ಅಂದ್ಕೊಂಡ್ರಿ ಇದನ್ನೆಲ್ಲ? ಮೊನ್ನೆ ಮಂಜು ಬಿಳಿ ಹೊದಿಕೆ ಥರ ಬಿದ್ದಿತ್ತಲ್ಲ, ಆವತ್ತು ನೀವೆಲ್ಲ ಏಳೋದ್ರೊಳಗೆ ಕೋಸಿನ ಸಸಿಗಳಿಗೆ ಗೋಣಿ ಹೊದಿಸಿ ಬಂದದ್ದು... ಹೋಗ್ಲಿ ಬಿಡಿ. ಹೇಳ್ಕೊಳ್ಳೋಕೆ ಕೂತಿಲ್ಲ ನಾನು.

ನಾನು ಹೇಳಬೇಕು ಅಂತಿದ್ದದ್ದು ಇಷ್ಟೇ, ನೀವು ಬೇಜಾರು ಮಾಡ್ಕೋಬೇಡಿ. ಹತ್ತು ಬೀನ್ಸ್ ಬೀಜ ಒದ್ದೆ ಬಟ್ಟೇಲಿ ಸುತ್ತಿಟ್ರಿ, ಎಂಟನೇ ದಿನ ಬಿಚ್ಚಿದ್ರೆ ಒಂದೂ ಮೊಳಕೆ ಬಂದಿರಲಿಲ್ಲ. ಯಾರ ಕೈಲಾದ್ರೂ ಆಗುವಂಥದ್ದೇ. ನಿಮ್ಮನ್ನ ಯಾರೂ ಏನೂ ಅನ್ನಲಿಲ್ಲವಲ್ಲ. ಅಮ್ಮನಂತೂ ತುಟಿ ಬಿಚ್ಚಲಿಲ್ಲ.

ಗೊತ್ತು, ಬೈದಿದ್ರೇ ವಾಸಿ ಅಂತ ನಿಮಗೆ ಅನ್ನಿಸಿರಬೇಕು. ನಾನು ಹುಟ್ಟಿದಾಗಿಂದ ನೋಡಿದ್ದೀನಿ ಅವಳನ್ನ. ಹೊಲಿಗೆ ತಪ್ಪಿದ್ರೆ ಕೂತು ಬಿಚ್ಚಿ ಸರಿ ಮಾಡುವ ಪೈಕಿ ಅಲ್ಲ ಅವಳು, ಬಟ್ಟೆಗೇ ಕತ್ತರಿ ಹಾಕುವ ಪೈಕಿ. ಇನ್ನೊಂದು ಹತ್ತು ಬೀಜ ಇಟ್ಟು ನೋಡೋಣ ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಮಿಕ್ಕ ಬೀಜದ ಡಬ್ಬಿ ಎತ್ಕೊಂಡು ಸೀದಾ ಅಡುಗೆಮನೆಗೆ ಹೋದಳು, ಪಾತ್ರೆಗೆ ಸುರಿದಳು, ನೀರು ಹಾಕಿದಳು. ಮಾರನೇ ದಿನ ಬೇಯಿಸಿ ನಮ್ಮ ನಾಲ್ಕು ಜನರ ತಟ್ಟೆಗೂ ಬಡಿಸಿದಳು. ಅವಳ ಅಜ್ಜಿ ಕಾಲದಿಂದ ವರ್ಷ ತಪ್ಪದೆ ಬಿತ್ತಿ, ಒಣಗಿಸಿ, ಎತ್ತಿಟ್ಟ ಬೀಜ. ಬೆಳ್ಳಗೆ, ಕಣ್ಣಿನ ಸುತ್ತ ಮಾತ್ರ ಕೆಂಪು ಮಚ್ಚೆ. ಅಕ್ಕಪಕ್ಕದವರು ಎಷ್ಟು ಕೇಳಿದ್ರೂ ಒಂದು ಕಾಳು ಕೊಟ್ಟವಳಲ್ಲ. ಅಣ್ಣ ಪಾಪ, ಗೊತ್ತಾಗದೆ ಇನ್ನೊಂದು ಸೌಟು ಹಾಕಮ್ಮಾ ಅಂದ. ನನಗೆ ಗಂಟಲಲ್ಲಿ ಇಳೀಲಿಲ್ಲ. ನಿಮಗೆ ಇಳೀತಾ?

ನಾನು ನೋಡ್ತಿದ್ದೆ, ನೀವು ಒಂದೊಂದನ್ನೇ ಚಮಚದ ತುದೀಲಿ ಬದಿಗೆ ಸರಿಸ್ತಿದ್ರಿ.

ಇಲ್ಲ, ನಿಮ್ಮನ್ನೇ ಯಾಕೆ ನೋಡ್ತೀನಿ? ಎದುರಿಗೆ ಕೂತಿದ್ರಿ, ಕಣ್ಣಿಗೆ ಬಿತ್ತು. ಅಂಗಡೀಲಿ ದಿನವೆಲ್ಲ ಬೇರೆಯವರ ಕಣ್ಣು ನೋಡಿ ನೋಡಿ ಅದೇ ಅಭ್ಯಾಸ.

ಒಂದು ಮಾತು ಕೇಳಲಾ? ಆವತ್ತು ಅಮ್ಮ ಆ ಹತ್ತು ಬೀಜ ನಿಮ್ಮ ಕೈಗೆ ಕೊಟ್ಟಳಲ್ಲ, ನೀವು ಕೇಳಿದ್ರಾ? ಅಥವಾ ಅವಳಾಗೇ ಕೊಟ್ಟಳಾ? ಸುಮ್ಮನೆ ಕೇಳಿದೆ. ನಾನು ಅಲ್ಲೇ ಇದ್ದೆ, ಪಾತ್ರೆ ಒರೆಸ್ತಿದ್ದೆ. ನೆಲದ ಮೇಲೆ ಕಂದು ಕಾಗದ ಹರಡಿತ್ತು. ಬೇರೆಯವರ ಮನೇಲಿ ತೋಟದ ಪ್ಲಾನು ನೋಟ್‌ಬುಕ್ಕಲ್ಲಿ ಗೀಚ್ತಾರೆ, ನಮ್ಮಮ್ಮನಿಗೆ ಮಾತ್ರ ಅದೂ ಒಂದು ಬ್ಲೌಸ್ ಕಟಿಂಗ್ ಇದ್ದ ಹಾಗೆ. ಟೇಪು ಹಿಡಿದು ಅಳೀತಾಳೆ, ನೀಲಿ ಸೀಮೆಸುಣ್ಣದಲ್ಲಿ ಗೆರೆ ಹಾಕ್ತಾಳೆ. ಇಲ್ಲಿ ಈರುಳ್ಳಿ, ಇಲ್ಲಿ ಸೊಪ್ಪು, ಹೋದ ವರ್ಷ ಟೊಮೆಟೊ ಇದ್ದ ಕಡೆ ಈ ವರ್ಷ ಬೇಡ, ಅಲ್ಲಿ ಮೂಲಂಗಿ ಬರಲಿ. ಆಮೇಲೆ ಗೋಡೆ ಪಕ್ಕದ ಪಾತಿ. ಅಲ್ಲಿಗೆ ಬಂದಾಗ ಕೈ ನಿಲ್ತು. ಇಡೀ ಹಿತ್ತಲಿಗೆ ಅದೊಂದೇ ಪಾತಿ, ದಿನಪೂರ್ತಿ ಬಿಸಿಲು ಬೀಳುತ್ತೆ, ರಾತ್ರಿಗೂ ಗೋಡೆ ಬಿಸಿ ಹಿಡಿದಿರುತ್ತೆ. ಆ ಬೀನ್ಸು ಅಲ್ಲಿ ಬಿಟ್ರೆ ಬೇರೆಲ್ಲೂ ಸರಿಯಾಗಿ ಹಬ್ಬಿದ್ದಿಲ್ಲ. ಅಮ್ಮ ಒಂದು ಬೀಜ ತುಟಿ ಮಧ್ಯೆ ಇಟ್ಕೊಂಡು ಎಷ್ಟು ಹೊತ್ತು ಕೂತಳು ಹೇಳಿ? ನನ್ನ ಕೈಲಿದ್ದ ತಟ್ಟೆ ಒರೆಸಿ ಒರೆಸಿ ಸವೆದೇಹೋಗಿರಬೇಕು. ಕೊನೆಗೆ ಬೀಜ ತೆಗೆದು ಹೇಳಿದಳು, "ನನ್ನ ಮೊಣಕಾಲು ಇನ್ನು ಬಗ್ಗಲ್ಲ. ಈ ಪಾತಿ ಇನ್ಮೇಲೆ ನಿಂದು ಕಣೇ. ಹತ್ತು ಬೀಜ ಒದ್ದೆ ಬಟ್ಟೇಲಿ ಇಟ್ಟು ನೋಡು. ಎಂಟು ಬಂದ್ರೆ ಡಬ್ಬೀನೂ ನಿಂದೇ."

ನಾನು ತಿರುಗಿದೆ. ನನಗೇ ಹೇಳಿದಳು ಅಂದ್ಕೊಂಡು ತಿರುಗಿದೆ ಅತ್ತಿಗೆ.

ನೋಡಿದ್ರೆ ಅವಳು ನಿಮ್ಮ ಕಡೆ ನೋಡ್ತಿದ್ದಳು.

ಅಯ್ಯೋ, ಅದಕ್ಕೆ ನೀವೇನು ಮಾಡ್ತೀರಿ? ನೀವು ಬಂದು ಎರಡು ವರ್ಷ. ಬಂದ ಮೊದಲ ಚಳಿಗಾಲದಲ್ಲೇ ಬೀಜದ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ರಿ, ನಿಮ್ಮ ಲ್ಯಾಬಿನ ರಕ್ತದ ಶೀಶೆಗೆ ಅಂಟಿಸುವ ಥರ, ತಾರೀಖು ಗೀರೀಖು ಎಲ್ಲ ಹಾಕಿ. ಅಮ್ಮ ಅದನ್ನ ಮನೆಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಸಂಜೆ ನೀವು ಗೇಟು ತೆಗೆದ್ರೆ "ಇವತ್ತು ಎಷ್ಟು ಜನರ ರಕ್ತ ಹೀರಿ ಬಂದೆ?" ಅಂತಾಳೆ, ನೀವು ಒಂದು ಲೆಕ್ಕ ಹೇಳ್ತೀರಿ, ಇಬ್ಬರೂ ನಗ್ತೀರಿ. ನೀವು ಬರೋವರೆಗೂ ಟೀಗೆ ಇಡಲ್ಲ ಅವಳು. ನಾನು ನಿಮಗಿಂತ ಅರ್ಧ ಗಂಟೆ ಮೊದಲು ಬರ್ತೀನಿ. ನನಗೆ "ಬಂದ್ಯಾ" ಅಂತಾಳೆ. ಬಂದೆ ಅಂತೀನಿ. ಮುಗೀತು.

ನನ್ನದೂ ತಪ್ಪಿದೆ. ನನಗೆ ಬಾಯಿ ಇಲ್ಲ. ಇವತ್ತೇ ನೋಡಿ, ಇಷ್ಟೊಂದು ಮಾತಾಡ್ತಿರೋದು. ನೀವು ಮಾತಾಡ್ತಿಲ್ಲವಲ್ಲ, ಅದಕ್ಕೆ.

ಅದೇನು ಕೈಲಿ? ಚಿಕ್ಕ ತಟ್ಟೆ... ಓ. ಆ ಹತ್ತು ಬೀಜ. ಇನ್ನೂ ಇಟ್ಕೊಂಡಿದ್ದೀರಾ? ಬೂಸ್ಟು ಹಿಡಿದಿದೆ, ಎಸೀರಿ ಅತ್ಲಾಗೆ. ಗೊಬ್ಬರಕ್ಕಾದ್ರೂ ಆಗುತ್ತೆ. ನೋಡ್ಕೊಂಡು ಕೊರಗ್ತಾ ಕೂರಬೇಡಿ. ತೇವ ಹೆಚ್ಚಾಗಿರಬೇಕು, ಇಲ್ಲಾ ಒಲೆ ಮೇಲಿನ ಆ ಶೆಲ್ಫಿನ ಬಿಸಿಗೆ ಬೆಂದಿರಬೇಕು. ಗುರುವಾರದವರೆಗೂ ಸರಿಯಾಗೇ ಇದ್ದವಲ್ಲ, ಆಮೇಲೆ...

ಇಲ್ಲ, ಇದ್ದಿರಬೇಕು ಅಂದೆ. ಮೊದಲು ಮೂರು ನಾಲ್ಕು ದಿನ ಎಲ್ಲ ಬೀಜವೂ ಸರಿಯಾಗೇ ಇರುತ್ತೆ, ಅದನ್ನ ಹೇಳಿದೆ. ನಾನು ಬಟ್ಟೆ ಬಿಚ್ಚಿ ನೋಡಿಲ್ಲ. ನಾನ್ಯಾಕೆ ನೋಡ್ಲಿ, ನಿಮ್ಮ ಕೆಲಸ ಅದು.

ಹಾಗೆ ನೋಡಬೇಡಿ ಅತ್ತಿಗೆ.

ಸರಿ. ಒಂದು ಒಳ್ಳೇ ಸುದ್ದಿ ಹೇಳ್ತೀನಿ, ಆಗಲಾದ್ರೂ ಮುಖ ಸ್ವಲ್ಪ ಅರಳುತ್ತೇನೋ. ಅಮ್ಮ ಬಂದ ಮೇಲೆ ಹೇಳೋಣ ಅಂತಿದ್ದೆ, ನಿಮಗೇ ಮೊದಲು ಹೇಳ್ತೀನಿ. ಆ ಬೀಜ ಪೂರ್ತಿ ಹೋಗಿಲ್ಲ. ನನ್ನ ಹತ್ತಿರ ಇದೆ. ಹತ್ತು ಬೀಜ ಇದೆ. ಹೋದ ವರ್ಷ ಸಿಪ್ಪೆ ಬಿಡಿಸುವಾಗ ಒಂದಿಷ್ಟು ಎತ್ತಿಟ್ಟಿದ್ದೆ, ಯಾಕೋ ಏನೋ. ಮರೆತೇಹೋಗಿತ್ತು. ಸೋಮವಾರ ಊಟ ಆದ ಮೇಲೆ ನೆನಪಾಗಿ ನೆನೆಹಾಕಿದೆ. ನೋಡಿ, ಇಲ್ಲೇ ಇದೆ, ಕನ್ನಡಕದ ಡಬ್ಬೀಲಿ. ಅಂಗಡೀದು, ಬಿಗಿ ಮುಚ್ಚಳ, ತೇವ ಆರಲ್ಲ. ಸ್ವೆಟರ್ ಜೇಬಲ್ಲಿ ಮೈ ಬಿಸಿಗೆ ಇಟ್ಕೊಂಡು ಓಡಾಡ್ತಿದ್ದೀನಿ, ಕೋಳಿ ಮೊಟ್ಟೆಗೆ ಕಾವು ಕೂತ ಹಾಗೆ. ನಗಬಹುದು ನೀವು.

ಮೆಲ್ಲಗೆ. ಬೇರು ಮುರಿಯುತ್ತೆ. ಎಷ್ಟುದ್ದ ಬಂದಿದೆ ನೋಡಿ. ಇದಕ್ಕಂತೂ ಎಲೆಯೇ ಇಣುಕ್ತಿದೆ. ಇವತ್ತೇ ಕುಂಡಕ್ಕೆ ಹಾಕಿ ಅಡುಗೆಮನೆ ಕಿಟಕೀಲಿ ಇಟ್ಟು ಚಳಿ ದಾಟಿಸಿದ್ರೆ, ನಾಲ್ಕು ಬಳ್ಳಿ ಉಳಿದ್ರೂ ಸಾಕು, ಮತ್ತೆ ಡಬ್ಬಿ ತುಂಬುತ್ತೆ. ಅಮ್ಮ ಬರಲಿ, ಅವಳ ಕೈಗೆ ಕೊಡ್ತೀನಿ. ಅವಳ ಮುಖ ಹೇಗಾಗುತ್ತೆ ನೋಡಿ...

ಯಾಕೆ, ಏನಾಯ್ತು?

ಸೋಮವಾರವೇ ಅತ್ತಿಗೆ. ಸೋಮವಾರ ರಾತ್ರಿ. ಇವತ್ತಿಗೆ ಮೂರು ದಿನ. ಕೆಲವು ಬೀಜ ಬೇಗ ಬರುತ್ತೆ. ಮೈ ಬಿಸಿ ಬೇರೆ.

ಏನಿದು ನೋಟ್‌ಬುಕ್ಕು? ನನಗೆ ಯಾಕೆ ಕೊಡ್ತೀರಿ, ನಿಮ್ಮ ಬರವಣಿಗೆ ನನಗೆ... ಸರಿ, ಓದ್ತೀನಿ. ಭಾನುವಾರ, ಹತ್ತು ಬೀಜ, ಐದರಂತೆ ಎರಡು ಸಾಲು. ಸೋಮವಾರ, ಉಬ್ಬಿವೆ. ಮಂಗಳವಾರ, ಹಾಗೇ. ಬುಧವಾರ ಸಂಜೆ, ಮೂರರ ಸಿಪ್ಪೆ ಬಿರಿದಿದೆ, ಒಂದಕ್ಕೆ ಬಿಳಿ ಮೊಳಕೆ, ಅತ್ತೆಗೆ ಈಗಲೇ ಹೇಳಬಾರದು, ಭಾನುವಾರ ಒಟ್ಟಿಗೆ ತೋರಿಸಬೇಕು.

ಗುರುವಾರ ಸಂಜೆ...

ಗುರುವಾರ ಸಂಜೆ, ಬಿರಿದ ಬೀಜ ಯಾವುದೂ ಇಲ್ಲ.

ದಿನಾ ಬರೀತಿದ್ರಾ ನೀವು? ಬೀಜಕ್ಕೂ? ಹೌದು, ಬರೀದೇ ಇರ್ತೀರಾ ನೀವು. ಇದನ್ನ ನಾನು ಯೋಚನೆ ಮಾಡಲೇ ಇಲ್ಲ. ಬಟ್ಟೆಯ ಮಡಿಕೆ ಹೇಗಿತ್ತು, ಬೀಜದ ಕಣ್ಣು ಯಾವ ಕಡೆ ತಿರುಗಿತ್ತು, ಎಲ್ಲ ನೋಡ್ಕೊಂಡು ಹಾಗೇ ಇಟ್ಟೆ, ಇದೊಂದು...

ಅಂದ್ರೆ, ಆವತ್ತಿಂದ ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಭಾನುವಾರ ಎಲ್ಲರ ಮುಂದೆ ತಲೆ ತಗ್ಗಿಸಿ ನಿಂತಿದ್ರಾ? ನೀವೇ ಸರಿಯಾಗಿ ನೋಡಿರಲಿಲ್ಲವೇನೋ ಅಂದ್ಕೊಂಡ್ರಾ?

ಬ್ಲೇಡ್ ಯಾಕೆ? ಅತ್ತಿಗೆ, ಬೇಡ. ಆ ಬೂಸ್ಟು ಹಿಡಿದದ್ದನ್ನ ಕುಯ್ಯಬೇಡಿ. ಏನಿದೆ ಅದರೊಳಗೆ ನೋಡೋದು...

ಹೂಂ. ಕಂದು.

ಒಳಗೆಲ್ಲ ಕಂದು. ಇನ್ನೊಂದು ಕುಯ್ಯೋದು ಬೇಡ, ಎಲ್ಲ ಹಾಗೇ ಇರುತ್ತೆ. ಸಣ್ಣ ಉರೀಲಿ ಹುರಿದೆ, ಹೊರಗಡೆ ಬಣ್ಣ ತಿರುಗದ ಹಾಗೆ. ಹೋದ ಗುರುವಾರ. ನೀವಿಬ್ಬರೂ ಕೆಲಸಕ್ಕೆ ಹೋಗಿದ್ರಿ, ಅಮ್ಮ ಒಳಗೆ ಮೆಷಿನ್ ತುಳೀತಿದ್ದಳು. ಡಬ್ಬಿಯಿಂದ ಹತ್ತು ತೆಗೆದೆ, ಹುರಿದೆ, ಬಿಸಿನೀರಲ್ಲಿ ಉಬ್ಬಿಸಿದೆ, ಬಟ್ಟೆಯಿಂದ ನಿಮ್ಮವನ್ನ ತೆಗೆದು ಆ ಜಾಗದಲ್ಲಿ ಇಟ್ಟೆ. ವಾಸನೆ ಹೋಗಲಿ ಅಂತ ಕಿಟಕಿ ತೆಗೆದಿದ್ದೆ. "ಏನೇ ಅದು ಚಳಿ, ಕಿಟಕಿ ಹಾಕೇ" ಅಂತ ಅಮ್ಮ ಒಳಗಿಂದ ಕೂಗಿದಳು. ಹಾಕಿದೆ.

ನಿಮ್ಮ ಹತ್ತು ಬೀಜ ಎಸೆಯೋಕೆ ಮನಸ್ಸು ಬರಲಿಲ್ಲ. ಮೊಳಕೆ ಬಂದಿತ್ತಲ್ಲ. ಕನ್ನಡಕ ಒರೆಸುವ ಬಟ್ಟೇಲಿ ಸುತ್ತಿದೆ.

ಬೀಜ ಪೂರ್ತಿ ಹಾಳಾಗಲಿ ಅಂತ ಮಾಡಿದ್ದಲ್ಲ, ದೇವರಾಣೆ. ಅದು ನನಗೂ ಬೇಕಲ್ಲ? ನಿಮಗಿಂತ ನನಗೇ ಹೆಚ್ಚು ಬೇಕು. ನನ್ನ ತಲೇಲಿ ಇದ್ದದ್ದು ಹೀಗೆ. ನಿಮ್ಮ ಕೈಲಿ ಒಂದೂ ಬರಲಿಲ್ಲ ಅಂತಾಗುತ್ತೆ. ಅಮ್ಮ ಅಯ್ಯೋ ಅಂತಾಳೆ. ಆಮೇಲೆ ನನ್ನ ಕಡೆ ತಿರುಗಿ, ನೀನೊಂದು ಹತ್ತು ಇಟ್ಟು ನೋಡೇ ಅಂತಾಳೆ. ಅಷ್ಟೇ. ನಾನು ಡಬ್ಬಿಯಿಂದ ಹತ್ತು ತೆಗೆದು ಇಡ್ತೀನಿ, ಬೀಜ ಚೆನ್ನಾಗೇ ಇದೆ, ಹತ್ತಕ್ಕೆ ಹತ್ತೂ ಬರುತ್ತೆ. ನೋಡಮ್ಮಾ ಅಂತ ಬಟ್ಟೆ ಬಿಚ್ಚಿ ತೋರಿಸ್ತೀನಿ. ಭಾನುವಾರ ಅವಳು ಡಬ್ಬಿಗೆ ಕೈ ಹಾಕಿದಾಗ ನನ್ನ ಎದೆ ಎಷ್ಟು ಹಗುರ ಆಯ್ತು ಗೊತ್ತಾ. ಈಗ ಕರೀತಾಳೆ, ಈಗ ಕರೀತಾಳೆ ಅಂತ ಕಾಯ್ತಿದ್ದೆ. ಅವಳು ಅಡುಗೆಮನೆಗೆ ಹೋದಳು. ಪಾತ್ರೆಗೆ ಕಾಳು ಬಿದ್ದ ಸದ್ದು ಕೇಳಿದಾಗಲೂ ನಾನು ಬಾಯಿ ಬಿಡಬಹುದಿತ್ತು. ನೀರು ಹಾಕೋದಕ್ಕೆ ಮುಂಚೆ ಒಂದು ಮಾತು. ರಾತ್ರಿ ನೆನೀತಿದ್ದಾಗ ಎದ್ದು ಬಂದು ನೋಡಿದೆ, ಆಗಲಾದ್ರೂ ಒಂದು ಹಿಡಿ ತೆಗೀಬಹುದಿತ್ತು. ತೆಗೆದ್ರೆ ಎಲ್ಲಿಂದ ಬಂತು ಅಂತ ಹೇಳಬೇಕಲ್ಲ ಅನ್ನಿಸ್ತು. ಹೋಗಿ ಮಲಗಿದೆ.

ಏನಾದ್ರೂ ಅನ್ನಿ ಅತ್ತಿಗೆ. ಬೈದುಬಿಡಿ. ಹೊಟ್ಟೆಕಿಚ್ಚಿನ ಮುಂಡೇದು ಅನ್ನಿ, ನಿಮ್ಮ ಬಾಯಲ್ಲಿ ಅಂಥ ಮಾತು ಬರುತ್ತಾ ನೋಡೋಣ.

ಬರಲ್ಲ. ಅದೂ ಬರಲ್ಲ ನಿಮಗೆ. ಎಷ್ಟು ಒಳ್ಳೆಯವರು ನೀವು. ನಿಮ್ಮ ಈ ಒಳ್ಳೇತನ ನೋಡಿದ್ರೇನೇ ನನಗೆ ಮೈಯೆಲ್ಲ...

ಇಲ್ಲ. ಕ್ಷಮಿಸಿ.

ಕೇಳಿ, ಹೀಗೆ ಮಾಡೋಣ. ನಾನು ಎತ್ತಿಟ್ಟಿದ್ದೆ ಅಂತ ಹೇಳಲ್ಲ. ನೀವೇ ಹೇಳಿ. ಮೊದಲ ದಿನವೇ ಹತ್ತು ಹೆಚ್ಚಿಗೆ ನೆನೆಹಾಕಿದ್ದೆ, ಬೇರೆ ಕಡೆ ಇಟ್ಟು ಮರೆತಿದ್ದೆ ಅನ್ನಿ. ಬೇರಿನ ಉದ್ದಕ್ಕೂ ಸರಿಹೋಗುತ್ತೆ. ಅಮ್ಮ ನಿಮ್ಮನ್ನ ತಲೆ ಮೇಲೆ ಹೊತ್ತು ಮೆರೆಸ್ತಾಳೆ. ಮೆರೆಸಲಿ. ಗೋಡೆ ಪಕ್ಕದ ಪಾತಿ ನಿಮಗೇ ಇರಲಿ, ಡಬ್ಬಿ ನಿಮಗೇ. ನಾನು ಇನ್ನು ಆ ಕಡೆ ತಲೆ ಹಾಕಲ್ಲ, ಈರುಳ್ಳಿ ಮಡಿ ನೋಡ್ಕೊಂಡಿರ್ತೀನಿ. ಅಮ್ಮನಿಗೆ ಬೀಜ ಸಿಕ್ಕಿತಲ್ಲ, ಸಾಕು. ಆಗಬಹುದಾ?

ತಲೆ ಅಲ್ಲಾಡಿಸಿದ್ದು ಆಗಲ್ಲ ಅಂತಲಾ?

ಸುಳ್ಳು ಹೇಳಲ್ಲ ನೀವು. ಸರಿ, ಹೇಳಬೇಡಿ. ಸುಮ್ಮನಿರಿ ಸಾಕು. ನೀವೂ ಹೇಳಬೇಡಿ, ನಾನೂ ಹೇಳಲ್ಲ, ಕುಂಡಕ್ಕೆ ಹಾಕಿ ಕಿಟಕೀಲಿ ಇಟ್ಟುಬಿಡೋಣ, ಅಮ್ಮ ಕೇಳಿದ್ರೆ... ಕೇಳೇ ಕೇಳ್ತಾಳೆ. ದೂರದಿಂದ ಎಲೆ ನೋಡಿದ್ರೂ ಗುರುತು ಹಿಡೀತಾಳೆ ಅವಳು.

ಗಾಡಿ ಸದ್ದು ಅಲ್ವಾ ಅದು? ಇಷ್ಟು ಬೇಗ ಬಂದ್ರಾ?

ಅಣ್ಣನದೇ ಗಾಡಿ. ಗೇಟಿನ ಹತ್ತಿರ ನಿಲ್ಲಿಸ್ತಿದ್ದಾನೆ. ಅಮ್ಮನಿಗೆ ಇಳಿಯೋಕೆ ಹೊತ್ತಾಗುತ್ತೆ, ಕೈ ಹಿಡ್ಕೊಂಡು ಇಳಿಸಬೇಕು.

ಎಲ್ಲಿಗೆ ಎದ್ರಿ? ಕೂತ್ಕೊಳ್ಳಿ. ನೀವೇ ಯಾಕೆ ಹೋಗಬೇಕು ಯಾವಾಗಲೂ? ಅವಳು ಗೇಟಿನ ಹತ್ತಿರ ನಿಂತು ಮೊದಲು ನಿಮ್ಮನ್ನೇ ಕೂಗ್ತಾಳೆ, ನನಗೆ ಗೊತ್ತಿಲ್ವಾ. ಎಕ್ಸ್‌ರೇನಲ್ಲಿ ಏನು ಬಂತು ಅಂತ ಮೊದಲು ನಿಮಗೇ ಹೇಳ್ತಾಳೆ. ಈ ಮನೇಲಿ ನಾನು ಏನು ಕೇಳೋದಿದ್ರೂ ನಿಮ್ಮ ಬಾಯಿಂದ ಎರಡನೇ ಸಲ ಕೇಳೋದೇ. ಹೇಳೋದಿದ್ರೂ ಹಾಗೇ, ನಾನು ಹೇಳಬೇಕು ಅಂದ್ಕೊಳ್ಳೋದ್ರೊಳಗೆ ನೀವು ಹೇಳಿ ಆಗಿರುತ್ತೆ.

ಇದನ್ನ ನಾನು ಹೇಳ್ತೀನಿ.

ನಿಜ, ಹೇಳ್ತೀನಿ. ಹುರಿದದ್ದು, ಇಟ್ಟದ್ದು, ತಟ್ಟೆ ಮುಂದೆ ಬಾಯಿ ಮುಚ್ಕೊಂಡು ಕೂತದ್ದು, ಎಲ್ಲ. ನಾನು ಮಾಡಿದ್ದು ಅತ್ತಿಗೆ, ನಂದು. ನಿಮ್ಮ ಬಾಯಿಂದ ಅವಳಿಗೆ ಗೊತ್ತಾಗೋದು ಬೇಡ. ನೀವು ಹೇಳಿದ್ರೆ ನೀವು ಹೇಳಿದ್ದಾಗುತ್ತೆ, ಅದನ್ನ ನನಗೆ ತಡ್ಕೊಳ್ಳೋಕಾಗಲ್ಲ.

ಬಾಗಿಲು ತೆಗೀಬೇಡಿ. ಇನ್ನೂ ಗೇಟಿನ ಹತ್ತಿರವೇ ಇದ್ದಾಳೆ.

ಆ ಕನ್ನಡಕದ ಡಬ್ಬಿ ಇತ್ತ ಕೊಡಿ. ನಿಮ್ಮ ಕೈಲಿ ಯಾಕೆ? ಕೊಡಿ ಅತ್ತಿಗೆ, ನಾನು ತಗೊಂಡು ಹೋಗ್ತೀನಿ. ಒಂದೇ ಒಂದು ಸಲ, ನಿಮಗಿಂತ ಮುಂಚೆ ನನ್ನನ್ನ ಅವಳ ಹತ್ತಿರ ಹೋಗೋಕೆ ಬಿಡ್ತೀರಾ?